ಕುಣಿ

ನೀರು ಎಲ್ಲೈತಿ ಅಂತ ಯಾರನ್ನೂ ಕೇಳಲಿಲ್ಲ ನಾವು.
ಅಂಗೈಮ್ಯಾಗ ಟೆಂಗಿನಕಾಯಿ ನಿಲ್ಲಿಸಿಕೊಂಡು ತಿರುಗುವವ
ಸಾವಿರದ ಐನೂರು ಕೇಳಿದ; ಚಾ ಕುಡಿಸಿ ಕಳಿಸಿದಿವಿ.
ಅತ್ತಿ ನಡುಮನಿ ಫರಸಿ ತೋರಿಸಿದಳು:
ಇಲ್ಲೇ ಅಗೀರಿ. ನಿಮ್ಮಪ್ಪನ ಮಗ್ಗದ ಕುಣಿ.

ಆಗ, ವಡಗಾವಿಯೊಳಗ ಆಷಾಢ ಹತ್ತಿತಂದ್ರ
ಕುಣಿ ಬೆವರತಿತ್ತಂತ.
ಮೊದಲು ಗ್ವಾಡಿ ಕಪ್ಪಾಗೂದು, ಆಮ್ಯಾಲ ತುಳಿಯೋ ಕೋಲು ತೊಯ್ಯೂದು,
ನಾಗರಪಂಚಮಿಗೆ ಮೊಣಕಾಲತನಾ ನೀರು.
ಚರಗಿಲೆ ತೋಡಿ ತೋಡಿ ಗಟಾರಕ್ಕ ಚೆಲ್ಲಿ
ಅತ್ತಿ ರಟ್ಟಿ ಸೇದಿಹೋಗತಿದ್ದುವು.
ಹಾಸು ತೊಯ್ದರ ನೂಲು ಕೆಟ್ಟಂಗ,
ನೂಲು ಕೆಟ್ಟರ ಸೇಠ ಮಜೂರಿ ಮುರಿದಂಗ.
ಮಾವಾರು ನೀರಿಗೆ ಬೈತಿದ್ದರಂತ,
ಕರೀಲಾರದ ಬಂದ ಬೀಗರಿಗೆ ಬೈದಂಗ,
ಬಾಗಿಲ ಹಾಕ್ಕೊಂಡು, ಮೆಲ್ಲಕ.

ಪಾವರ್‌ಲೂಮು ಬಂದ ವರ್ಷ ಕುಣಿ ಮುಚ್ಚಿದರು.
ಎರಡು ಚಕ್ಕಡಿ ಮಣ್ಣು, ಮ್ಯಾಲ ಫರಸಿ.
ಅದರ ಮ್ಯಾಲ ನನ್ನ ಮದುವಿ ಊಟದ ಪಂಕ್ತಿ ಕುಂತಿತ್ತು.
ನನಗ ಗೊತ್ತಿರಲಿಲ್ಲ.

ಈಗ ನಳ ಎಂಟು ದಿನಕ್ಕೊಮ್ಮೆ,
ಬಂದರೂ ರಾತ್ರಿ ಎರಡಕ್ಕ, ಕಳ್ಳರಂಗ.
ಹಿತ್ತಲ ಅಂದ್ರ ನಾಕು ಮೊಳ, ಅದರಾಗೂ ಪಾಯಖಾನಿ ಗುಂಡಿ.
ಹಿಂಗಾಗಿ ನಡುಮನ್ಯಾಗ ಬಾವಿ.
ಬಾಜೂಮನಿ ಸುಲೋಚನಾಬಾಯಿ ಕಿಡಕ್ಯಾಗಿಂದ
"ಅಗ ಬಾಯಿ, ಘರಾತ ವಿಹೀರ?" ಅಂತ
ಗಲ್ಲಕ್ಕ ಬೆರಳಿಟ್ಟು ನಿಂತಳು.
ಮರುದಿನ ತಮ್ಮ ಬುಟ್ಟಿ ತಂದು ಕೊಟ್ಟಳು.

ಮೊದಲ ಮೂರು ಫೂಟು ಹುಗ್ಗಿ ತೋಡಿದಂಗ ಬಂತು,
ಹಳೇ ಮಣ್ಣು, ಇವರೇ ತುಂಬಿದ್ದು.
ಸಿಕ್ಕಿದ್ದು: ತುದಿ ಮುರಿದ ಲಾಳಿ,
ಹೂವಿನಂಚಿನ ಹತ್ತು ಪೈಸೆ,
ಇನ್ನೂ ಬಣ್ಣ ಬಿಡದ ಗೇಣುದ್ದ ಕುಂಕುಮದ ನೂಲು.
ಇವರು ಲಾಳಿ ತೊಳೆದು ಜಗಲಿಮ್ಯಾಗಿಟ್ಟರು.
ನೂಲು ನಾ ಸೆರಗಿಗೆ ಕಟ್ಟಿಕೊಂಡೆ, ಯಾಕೋ.

ಅಲ್ಲಿಂದ ಕೆಳಗ ಗರಸು.
ಹಾರಿ ಬಡಿದರ ಕಿಡಿ, ಕಿಡಿ ಕಂಡರ ಮೈದುನ ಶಿದ್ರಾಯನ ಬೈಗಳ.
ದಿನಕ್ಕ ಒಂದು ಗೇಣು; ಒಂದಿನ ಅದೂ ಇಲ್ಲ,
ಆಗಿಹುಣ್ಣಿವಿ ಅಂತ ಕುಂತುಬಿಟ್ಟಿವಿ.
ಅಗೆದದ್ದು ಚೀಲಕ್ಕ ತುಂಬಿ, ಸೈಕಲ್ಲಿಗೆ ಕಟ್ಟಿ
ಬಳ್ಳಾರಿ ನಾಲಾದ ದಂಡಿಗೆ, ಕತ್ತಲಾದ ಮ್ಯಾಲ.
ನಾನೂ ಇಳಿದೆ. ಕೆಳಗಿಂದ ನೋಡಿದರ
ನನ್ನ ಸಂಸಾರ ಅಷ್ಟೂ ಒಂದು ತಾಟಿನಷ್ಟು:
ಬಲ್ಬು, ತೊಲಿ, ಒಣಹಾಕಿದ ಮಗಳ ಸಾಲಿ ಅಂಗಿ,
ಬಗ್ಗಿ ನೋಡೋ ಅತ್ತಿಯ ಹಲ್ಲಿಲ್ಲದ ಬಾಯಿ.

ಹದಿಮೂರನೇ ಫೂಟಿಗೆ ಗ್ವಾಡಿ ಕಪ್ಪಾತು.
ಯಾರೂ ಒದರಲಿಲ್ಲ. ಅಂಗೈ ಹಚ್ಚಿ ನೋಡಿದಿವಿ,
ಜ್ವರ ಬಿಟ್ಟ ಕೂಸಿನ ಹಣಿ ಮುಟ್ಟಿದಂಗ.
ಬೆಳಗಾಗೂದ್ರೊಳಗ ಗೇಣು ನೀರು, ಚಾದ ಬಣ್ಣ.
ಕಾಲಿಗೆ ತಣ್ಣಗ ಹತ್ತಿದಾಗ ಇವರು ಬೈದರು,
ಮೆಲ್ಲಕ, ಅವರಪ್ಪ ಬೈತಿದ್ದ ಅದೇ ಮಾತು.
ಆಮ್ಯಾಲ ಮುಖ ಅತ್ತಾಗ ತಿರುವಿದರು.

ರಿಂಗು ಇನ್ನೂ ಕೂಡಿಸಿಲ್ಲ; ರಿಂಗಿನವ ಸೋಮವಾರ ಅಂದಾನ.
ಅಲ್ಲಿತನಾ ಎರಡು ಹಲಿಗಿ ಅಡ್ಡ.
ನಿನ್ನಿ ಮಧ್ಯಾಹ್ನ ನಾ ಅನ್ನ ಬಸಿದು ಬರೂದ್ರಾಗ
ಅತ್ತಿ ಒಂದು ಹಲಿಗಿ ಸರಿಸಿ, ದಂಡಿಮ್ಯಾಲ ಕುಂತು
ಕಾಲು ಇಳಿಬಿಟ್ಟಿದ್ದಳು.
ಬಲಗಾಲು, ಎಡಗಾಲು. ಬಲಗಾಲು, ಎಡಗಾಲು.
ನಡುವ ತಡೆದು, ಹರಿದ ಎಳಿ ಗಂಟು ಹಾಕುವಂಗ
ಬೆರಳು ಆಡಿಸಿ, ಮತ್ತ.
ಎದ್ದೇಳ್ರಿ, ಬೀಳ್ತೀರಿ ಅಂದೆ.
"ಮಗ್ಗ ನಾ ಎಂದೂ ಇಳಿದಿಲ್ಲ ನೋಡವಾ.
ಕಂಡಕಿ ಸುತ್ತಿದೆ, ನೀರು ತೋಡಿದೆ.
ಕುಣ್ಯಾಗ ಕಾಲಿಟ್ಟು ಕುಂಡರಾಕ ಬಿಡಲಿಲ್ಲ ಅವರು."

ಕೆಳಗ ನೀರು ಬಲ್ಬು ಹಿಡಕೊಂಡು ಅಲಗಾಡತಿತ್ತು.
ಅನ್ನ ಆರಿತು. ನಾ ಕರೀಲಿಲ್ಲ.